ಗರತಿ ಅನ್ನುವ ಹೆಸರಿನಾಚೆ

1928ರ ನವೆಂಬರಿನಲ್ಲಿ ಲಂಡನ್ನಿನ ಕೋರ್ಟೊಂದು ರ್ಯಾಡ್‌ಕ್ಲಿಫ್ ಹಾಲ್ ಬರೆದ ‘ದಿ ವೆಲ್ ಆಫ್ ಲೋನ್ಲಿನೆಸ್’ ಕಾದಂಬರಿಯನ್ನು ಅಶ್ಲೀಲವೆಂದು ಸಾರಿ, ಪ್ರತಿಗಳನ್ನು ನಾಶಮಾಡಲು ಹುಕುಂ ಕೊಟ್ಟಿತು. ಅದರ ತಪ್ಪೇನು? ಅಲ್ಲಿ ಹೆಣ್ಣೊಬ್ಬಳು ಹೆಣ್ಣನ್ನು ಪ್ರೀತಿಸುತ್ತಾಳೆ. ಬರೆದಾಕೆ ಆಸ್ತಿವಂತೆ. ಸಾಕ್ಷಿ ಹೇಳಲು ದೊಡ್ಡ ಸಾಹಿತಿಗಳೇ ಬಂದು ನಿಂತಿದ್ದರು.

ಅದೇ ವರ್ಷ ಅಮೆರಿಕದಲ್ಲಿ ಮಾ ರೇನಿ ಎಂಬ ಕರಿಯ ಹಾಡುಗಾರ್ತಿಯ ಗ್ರಾಮಫೋನ್ ತಟ್ಟೆ ಬಂತು: ‘ಪ್ರೂವ್ ಇಟ್ ಆನ್ ಮಿ ಬ್ಲೂಸ್’. ಹೆಂಗಸರ ಸಂಗವೇ ತನಗಿಷ್ಟವೆಂದು ಹಾಡಿ, ಊರಿಗೇ ಸವಾಲು ಹಾಕುವ ಹಾಡು. ಜಾಹೀರಾತಿನ ಚಿತ್ರದಲ್ಲಿ ಆಕೆ ಗಂಡಸರ ಟೊಪ್ಪಿಗೆ, ಕೋಟು ಹಾಕಿಕೊಂಡು ಇಬ್ಬರು ಹೆಣ್ಣುಗಳ ಜೊತೆ ನಿಂತಿದ್ದಾಳೆ; ದೂರದಿಂದ ಪೊಲೀಸನೊಬ್ಬ ಕಣ್ಣಿಟ್ಟಿದ್ದಾನೆ. ಸಾಹಿತ್ಯ ಚರಿತ್ರೆಯ ಪಂಡಿತರಿಗೆ ಮೊದಲಿನದು ಸಾಹಿತ್ಯ, ಎರಡನೆಯದು ಬರೇ ಪದ. ಆ ಪದದಲ್ಲೂ ವಿಚಾರವಿದೆ ಎಂದು ತೋರಿಸಿದವರು ಕರಿಯ ಸ್ತ್ರೀವಾದಿಗಳು. 1998ರಲ್ಲಿ ಆಂಜೆಲಾ ಡೇವಿಸ್ ಇಂಥ ಹಾಡುಗಾರ್ತಿಯರ ಮೇಲೆ ಇಡೀ ಪುಸ್ತಕವನ್ನೇ ಬರೆದರು. ಅಕ್ಷರ ಕಸಿದುಕೊಂಡ ಜನರ ಚರಿತ್ರೆಯನ್ನು ಅಚ್ಚಿನ ಪುಸ್ತಕದಲ್ಲೇ ಹುಡುಕಿದರೆ ಸಿಗುವುದು ಯಜಮಾನರ ಚರಿತ್ರೆ.

ನಮ್ಮ ಕಡೆಗೆ ಬರೋಣ. 1931ರ ಜನಗಣತಿಯಲ್ಲಿ ದೇಶದ ಅಕ್ಷರಸ್ಥ ಹೆಂಗಸರು ನೂರಕ್ಕೆ ಮೂವರಷ್ಟು. ಆ ಮೂವರೊಳಗೆ ಕೇರಿಯ ಹೆಣ್ಣುಮಗಳು ಎಲ್ಲಿದ್ದಾಳು? ಅದೇ ವರ್ಷ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದರು. ದೊಡ್ಡ ಕೆಲಸ, ಅನುಮಾನ ಇಲ್ಲ. ಆದರ ಹೆಸರು ನೋಡ್ರಿ. ಗರತಿ ಅಂದ್ರ ಗಂಡನ ಮನೆಯ ಮಾನ ಕಾಯುವಾಕಿ. ಬೀಸುತ್ತ ಹಾಡಿದವರೆಲ್ಲ ಗರತಿಯರೇನು? ದಿನವಿಡೀ ಗೌಡರ ಹೊಲದಾಗ ಕಳೆ ಕಿತ್ತು, ಬೆಳ್ಳಿ ಮೂಡೂದಕ್ಕ ಎದ್ದು ಬೀಸಿದಾಕಿ, ಗಂಡ ಬಿಟ್ಟಾಕಿ, ಗಂಡನನ್ನೇ ಬಿಟ್ಟು ಬಂದಾಕಿ – ಇವರಿಗೆ ಆ ಹೆಸರು ಒಪ್ಪೂದುಂಟೇ? ಬೀಸುಕಲ್ಲಿಗೆ ಇಬ್ಬರು ಎದುರುಬದುರು ಕೂಡುತ್ತಾರೆ. ಒಂದೇ ಗೂಟ, ಎರಡು ಕೈ. ಗೆಳತಿ ಅಂದಕೂಡಲೇ ಪ್ರಣಯವೆಂದು ಓದುವುದು ಅವಸರ. ಬರೇ ಗೆಳೆತನವೆಂದು ಮುಚ್ಚಿಬಿಡುವುದೂ ಅಷ್ಟೇ ಅವಸರ.

ಇನ್ನು ಸವದತ್ತಿಯ ಎಲ್ಲಮ್ಮನ ಗುಡ್ಡ. ನಮ್ಮ ದೇವಿಕೊಪ್ಪದ ಸುತ್ತಿನ ಜನರಿಗೆ ಅದು ಹೊಸದಲ್ಲ. ಮುತ್ತು ಕಟ್ಟಿಸಿಕೊಂಡ ಹುಡುಗಿಗೆ ದೇವಿಯೊಡನೆಯೇ ಮದುವೆ. ಹೆಣ್ಣಿಗೆ ಹೆಣ್ಣುದೇವರು! ಲಿಂಗದ ಕಟ್ಟು ಮುರಿದ ಸಂಪ್ರದಾಯವೆಂದು ಯಾರಾದರೂ ಹಿಗ್ಗಬಹುದು. ತಡೀರಿ. ಮುತ್ತು ಬಿದ್ದದ್ದು ಬಹುಪಾಲು ಹೊಲೆಯ ಮಾದಿಗರ ಹುಡುಗಿಯರ ಕೊರಳಿಗೆ. ದೇವಿಯ ಹೆಸರಿನಲ್ಲಿ ಆ ಮೈ ದಕ್ಕಿದ್ದು ಊರ ಉಳ್ಳವರಿಗೆ. ಹಸಿವು ಮಾಡಿಸಿದ ಮದುವೆಯನ್ನು ಬಿಡುಗಡೆ ಅನ್ನಲು ಬಾಯಿ ಬರುವುದಿಲ್ಲ.

ಆಗ ಧಾರವಾಡವೂ ಇದ್ದ ಮುಂಬೈ ಪ್ರಾಂತದಲ್ಲಿ 1934ರಲ್ಲಿ ದೇವದಾಸಿ ಕಾಯ್ದೆ ಬಂತು. ಮುತ್ತು ಕಟ್ಟುವುದು ಅಪರಾಧವಾಯಿತು. ದೇವದಾಸಿ ಮಾಡಿಕೊಳ್ಳುವ ಲಗ್ನ ಸಿಂಧುವಾಯಿತು. ಕರ್ನಾಟಕದ ಕಾಯ್ದೆ 1982ರಲ್ಲಿ ಬಂತು. ಎರಡೂ ಬೇಕಾಗಿದ್ದವು. ಆದರೆ ಸುಧಾರಕರ ಕಣ್ಣಿಗೆ ಇದ್ದದ್ದು ಎರಡೇ ಬಗೆ: ದೇವರಿಗೆ ಬಿಟ್ಟಾಕಿ, ಗಂಡನಿಗೆ ಕೊಟ್ಟಾಕಿ. ಒಬ್ಬರಿಗೊಬ್ಬರು ಆಸರೆಯಾಗಿ ಒಂದೇ ಒಲೆಯಲ್ಲಿ ಉಂಡು ಬಾಳಿದ ಜೋಗತಿಯರ ಸಂಸಾರಕ್ಕೆ ಹೆಸರಿಲ್ಲ.

ಇಲ್ಲಿಯೇ ಕರಿಯ ಹೆಣ್ಣುಮಕ್ಕಳ ಮಾತು ನಮಗೆ ಬೇಕು. 1977ರಲ್ಲಿ ಬಾಸ್ಟನ್ನಿನ ಕೊಂಬಾಹೀ ರಿವರ್ ಕಲೆಕ್ಟಿವ್ ಒಂದು ಹೇಳಿಕೆ ಹೊರಡಿಸಿತು. ಬರೆದವರಲ್ಲಿ ಹೆಣ್ಣನ್ನು ಪ್ರೀತಿಸುವವರೂ ಇದ್ದರು. ಬಣ್ಣ, ವರ್ಗ, ಹೆಣ್ಣುತನ, ಯಾರನ್ನು ಪ್ರೀತಿಸುತ್ತೇವೆ ಎಂಬುದು – ಇವುಗಳ ಮೇಲಿನ ದಬ್ಬಾಳಿಕೆ ಹಗ್ಗದ ಎಳೆಗಳಂತೆ ಹೊಸೆದುಕೊಂಡಿವೆ, ಒಂದನ್ನೇ ಬಿಚ್ಚಲಾಗದು ಎಂಬುದು ಅವರ ವಾದ. ಕರಿಯ ಗಂಡಸರನ್ನು ಅವರು ಬಿಟ್ಟುಕೊಡಲಿಲ್ಲ. ಜೊತೆಗಿದ್ದೇ ಅವರೊಡನೆ ಜಗಳವಾಡಿದರು. ಪ್ಯಾಂಥರ್ ಎಂಬ ಗಂಡು ಹೆಸರು 1972ರಲ್ಲೇ ಮುಂಬೈಗೆ ಬಂದು ದಲಿತ್ ಪ್ಯಾಂಥರ್ಸ್ ಆಯಿತು. ಈ ಜಗಳ ಮಾತ್ರ ನಮ್ಮ ಸಭೆಗಳಿಗೆ ಬರಲು ಎಷ್ಟು ತಡವಾಯಿತು!

ಕೇರಿಯ ಮುದುಕಿಯರ ಹಾಡು ಬರೆದುಕೊಳ್ಳುವ ಮಾಸ್ತರರು, ಹುಡುಗರು ಇನ್ನೂ ಇದ್ದಾರೆ. ಅವರು ಹಾಡಿನ ಕೆಳಗೆ ‘ಗರತಿ’ ಎಂದು ಬರೆಯದೆ ಹಾಡಿದಾಕಿಯ ಒಪ್ಪಿಗೆ ಕೇಳಿ ಅವಳ ಹೆಸರು ಬರೆಯಲಿ. ಕಲ್ಲಿನ ಆ ಬದಿ ಕೂಡುತ್ತಿದ್ದಾಕಿ ಯಾರು ಅಂತನೂ ಕೇಳಲಿ.