ಲ್ಯಾಟಿನ್ ಕಲಿಸಿದ ಸನ್ಯಾಸಿಗಳು

ಉಕ್ರೇನಿನ ಇತಿಹಾಸ ಓದುವಾಗ ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸುವ ಪುಸ್ತಕ ಒಂದು ನಿಘಂಟು. ಕೀವ್ ನಗರದ ಪೆಚೆರ್ಸ್ಕ್ ಲಾವ್ರಾ ಮಠದ ಅಚ್ಚುಕೂಟದಿಂದ 1627ರಲ್ಲಿ ಹೊರಬಂದ ಅದನ್ನು ರಚಿಸಿದವನು ಪಾಮ್ವೊ ಬೆರಿಂಡಾ ಎಂಬ ಸನ್ಯಾಸಿ. ಚರ್ಚಿನ ಸ್ಲಾವೊನಿಕ್ ಭಾಷೆಯ ಸುಮಾರು 7,000 ಪದಗಳಿಗೆ ಅವನು ಜನರಿಗೆ ತಿಳಿಯುವ ಅಂದಿನ ರುಥೇನಿಯನ್ ಭಾಷೆಯಲ್ಲಿ ಅರ್ಥ ಬರೆದ. ದಿನವೂ ಪ್ರಾರ್ಥಿಸುವ ಭಾಷೆಗೇ ಅರ್ಥಕೋಶ ಬೇಕಾಗಿತ್ತು ಎಂಬುದೇ ಆ ಕಾಲದ ಇಕ್ಕಟ್ಟನ್ನು ಹೇಳುತ್ತದೆ.

ಇಕ್ಕಟ್ಟು ಭಾಷೆಯದ್ದು ಮಾತ್ರವಲ್ಲ. 1569ರ ಲುಬ್ಲಿನ್ ಒಪ್ಪಂದದಿಂದ ಕೀವ್ ಪ್ರಾಂತ್ಯ ಪೋಲೆಂಡಿನ ಆಳ್ವಿಕೆಗೆ ಸೇರಿತ್ತು. 1596ರ ಬ್ರೆಸ್ಟ್ ಒಪ್ಪಂದದಲ್ಲಿ ಹೆಚ್ಚಿನ ಆರ್ಥೊಡಾಕ್ಸ್ ಬಿಷಪ್ಪರು ಪೋಪನ ಅಧಿಕಾರವನ್ನು ಒಪ್ಪಿಕೊಂಡರು. ಶ್ರೀಮಂತರ ಮಕ್ಕಳು ಜೆಸುಯಿಟ್ ಶಾಲೆಗಳಿಗೆ ಹೋದರು. ಓದು ಮುಗಿಸಿ ಬಂದವರಲ್ಲಿ ಅನೇಕರು ಧರ್ಮವನ್ನೂ ಬದಲಿಸಿಕೊಂಡಿದ್ದರು. ಆರ್ಥೊಡಾಕ್ಸ್ ಸಮಾಜದ ಬಳಿ ಅಷ್ಟೇ ಒಳ್ಳೆಯ ಶಾಲೆ ಇರಲಿಲ್ಲ.

ಈ ಕೊರತೆಯನ್ನು ತುಂಬಲು ಹೊರಟವರಲ್ಲಿ ಮಠಾಧಿಪತಿಗಳು ಮುಂದಿದ್ದರು. ಲಾವ್ರಾದ ಮುಖ್ಯಸ್ಥ ಎಲಿಸೆಯ್ ಪ್ಲೆತೆನೆತ್ಸ್ಕಿ ಮಠಕ್ಕೆ ಅಚ್ಚುಕೂಟ ತಂದ, ಕಾಗದದ ಗಿರಣಿ ಕಟ್ಟಿಸಿದ. ಮಠದ ಹೊರಗಿನವರೂ ಕೈಜೋಡಿಸಿದರು. 1615ರಲ್ಲಿ ಹಾಲ್ಷ್ಕಾ ಹುಲೆವಿಚಿವ್ನಾ ಎಂಬ ಮಹಿಳೆ ಕೀವ್‌ನಲ್ಲಿದ್ದ ತನ್ನ ಜಾಗವನ್ನು ಮಠಕ್ಕೂ ಶಾಲೆಗೂ ದಾನ ಮಾಡಿದಳು. ಆರ್ಥೊಡಾಕ್ಸ್ ಸಹೋದರ ಸಂಘದ ಶಾಲೆ ಅಲ್ಲಿ ಬೆಳೆಯಿತು.

1627ರಲ್ಲಿ ಲಾವ್ರಾದ ಮುಖ್ಯಸ್ಥನಾದವನು ಪೆಟ್ರೊ ಮೊಹಿಲಾ. ಮೊಲ್ದಾವಿಯಾದ ಅರಸು ಮನೆತನದವನು. 1631ರಲ್ಲಿ ಅವನು ಲಾವ್ರಾದಲ್ಲಿ ಒಂದು ಶಾಲೆ ತೆರೆದ. ಮರುವರ್ಷವೇ ಅದು ಸಹೋದರ ಸಂಘದ ಶಾಲೆಯೊಂದಿಗೆ ಒಂದಾಯಿತು. ಮುಂದೆ ಕೀವ್-ಮೊಹಿಲಾ ಅಕಾಡೆಮಿ ಎನಿಸಿಕೊಂಡ ಸಂಸ್ಥೆಯ ಬುನಾದಿ ಅದು. ಪಾಠಕ್ರಮ ಮಾತ್ರ ಜೆಸುಯಿಟರದ್ದೇ ಮಾದರಿ: ವ್ಯಾಕರಣ, ಕಾವ್ಯಶಾಸ್ತ್ರ, ಅಲಂಕಾರಶಾಸ್ತ್ರ, ತತ್ತ್ವಶಾಸ್ತ್ರ. ಬೋಧನೆಯ ಮುಖ್ಯ ಭಾಷೆ ಲ್ಯಾಟಿನ್.

ಯಾರಿಂದ ಧರ್ಮವನ್ನು ಕಾಪಾಡಬೇಕೋ ಅವರದೇ ಭಾಷೆಯಲ್ಲಿ ಪಾಠವೆಂದರೆ ಜನ ಸುಮ್ಮನಿರುತ್ತಾರೆಯೇ? ಕಸಾಕರಿಗೂ ಪಾದ್ರಿಗಳಲ್ಲಿ ಕೆಲವರಿಗೂ ಸಂಶಯ ಬಂತು. ಆ ಶಾಲೆಯಲ್ಲಿ ಕಲಿಸಿದ್ದ ಸಿಲ್ವೆಸ್ಟರ್ ಕೋಸಿವ್ 1635ರಲ್ಲಿ ಶಾಲೆಯ ಪರವಾಗಿ ಒಂದು ಪುಸ್ತಕ ಬರೆದ. ಜನರು ತಮ್ಮನ್ನು ಕೊಂದು ದ್ನೀಪರ್ ನದಿಯ ಮೀನುಗಳಿಗೆ ಹಾಕುತ್ತಾರೆಂದು ಶಿಕ್ಷಕರು ಸಾವಿಗೆ ಸಿದ್ಧರಾಗಿದ್ದ ದಿನಗಳನ್ನು ಅವನು ಅದರಲ್ಲಿ ನೆನೆಯುತ್ತಾನೆ. ಅತ್ತ ಪೋಲೆಂಡಿನ ದೊರೆ ಅದೇ ವರ್ಷ ಶಾಲೆಗೆ ಅನುಮತಿ ಕೊಟ್ಟರೂ ತರ್ಕಶಾಸ್ತ್ರದಿಂದ ಮುಂದಕ್ಕೆ ಪಾಠ ಹೋಗಕೂಡದೆಂದು ಗೆರೆ ಎಳೆದ. ಸ್ವಂತ ಜನರಿಗೆ ಶಾಲೆ ಪರಕೀಯವಾಗಿ ಕಂಡರೆ, ಪ್ರಭುತ್ವಕ್ಕೆ ಅಪಾಯಕಾರಿಯಾಗಿ ಕಂಡಿತು.

ಮೊಹಿಲಾನ ಲೆಕ್ಕಾಚಾರ ಸರಳವಾಗಿತ್ತೆಂದು ನನಗೆ ತೋರುತ್ತದೆ. ಅಂದಿನ ಪೋಲೆಂಡಿನಲ್ಲಿ ಶಾಸನಸಭೆ, ನ್ಯಾಯಾಲಯ, ಧಾರ್ಮಿಕ ವಾಗ್ವಾದ ಎಲ್ಲ ಕಡೆಯೂ ಲ್ಯಾಟಿನ್ ಬೇಕಿತ್ತು. ಅದು ಬಾರದವನು ತನ್ನ ಪರವಾಗಿ ವಾದಿಸಲಾರ. ಲ್ಯಾಟಿನ್ ಕಲಿತ ಮಾತ್ರಕ್ಕೆ ಅವನು ತನ್ನದನ್ನು ಬಿಡಲಿಲ್ಲ. ಪ್ರಾಚೀನ ಸಂತ ಸೋಫಿಯಾ ಚರ್ಚನ್ನು ದುರಸ್ತಿ ಮಾಡಿಸಿದ. 1646ರಲ್ಲಿ ಸ್ಲಾವೊನಿಕ್‌ನಲ್ಲೇ ಬೃಹತ್ತಾದ ಪೂಜಾವಿಧಿ ಗ್ರಂಥ ಅಚ್ಚು ಹಾಕಿಸಿದ.

ಈ ಶಾಲೆಯಲ್ಲಿ ಕಲಿತವರು ಮುಂದೆ ಮಾಸ್ಕೋಗೂ ಹೋಗಿ ಅಲ್ಲಿನ ಚರ್ಚು, ಶಿಕ್ಷಣಗಳನ್ನು ರೂಪಿಸಿದರು. ದಾರ್ಶನಿಕ ಕವಿ ಹ್ರಿಹೋರಿ ಸ್ಕೊವೊರೊದಾ ಓದಿದ್ದೂ ಇಲ್ಲಿಯೇ. 1701ರಲ್ಲಿ ಇದಕ್ಕೆ ಅಕಾಡೆಮಿಯ ಸ್ಥಾನವನ್ನು ಖಚಿತಪಡಿಸಿದವನು ರಷ್ಯಾದ ದೊರೆ ಮೊದಲನೆಯ ಪೀಟರ್. ಅವನೇ 1720ರಲ್ಲಿ ಕೀವ್ ಮತ್ತು ಚೆರ್ನಿಹಿವ್ ಅಚ್ಚುಕೂಟಗಳಿಗೆ ಇನ್ನೊಂದು ಆಜ್ಞೆ ಹೊರಡಿಸಿದ: ಹಳೆಯ ಧಾರ್ಮಿಕ ಗ್ರಂಥಗಳ ಹೊರತು ಬೇರೇನನ್ನೂ ಅಚ್ಚು ಹಾಕುವಂತಿಲ್ಲ, ಅವೂ ರಷ್ಯನ್ ಪ್ರತಿಗಳಿಗೆ ಅಕ್ಷರಶಃ ಹೊಂದಬೇಕು, ಸ್ಥಳೀಯ ನುಡಿಯ ಸುಳಿವೂ ಇರಕೂಡದು.

ಲ್ಯಾಟಿನ್ ತಮ್ಮನ್ನು ನುಂಗುತ್ತದೆಂದು ಹೆದರಿದ ಕಸಾಕರ ಭಯ ನಿಜವಾಗಲಿಲ್ಲ. ಲ್ಯಾಟಿನ್ನನ್ನು ಸನ್ಯಾಸಿಗಳು ತಾವೇ ಆರಿಸಿಕೊಂಡಿದ್ದರು. 1720ರಲ್ಲಿ ಹೋದದ್ದು ಆ ಆರಿಸಿಕೊಳ್ಳುವ ಹಕ್ಕು. ಬೆರಿಂಡಾನ ನಿಘಂಟನ್ನು ಅಚ್ಚು ಹಾಕಿದ್ದ ಅದೇ ಮಠದಲ್ಲಿ ಈಗ ಅಂಥ ಹೊಸ ಪುಸ್ತಕವೊಂದನ್ನು ಅಚ್ಚಿಗೆ ಕೊಡುವಂತಿರಲಿಲ್ಲ.