ಓಟಗಾರರ ಮೇಷ್ಟ್ರುಗಳು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡನ್ನು ಒದೆಯುವುದು ಅಪರೂಪ; ಎಸೆಯುವುದು, ಇಲ್ಲವೇ ಹೊತ್ತು ಓಡುವುದೇ ಆಟ. ನಾಲ್ಕು ಯತ್ನಗಳಲ್ಲಿ 10 ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನ ಸಿಗುತ್ತವೆ, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ತಂಡದ ಸೂತ್ರಧಾರ ಕ್ವಾರ್ಟರ್‌ಬ್ಯಾಕ್. ಅವನ ಕೈಯಿಂದ ಚೆಂಡು ಇಸಿದುಕೊಂಡು, ನೂರರಿಂದ ನೂರೈವತ್ತು ಕಿಲೋ ತೂಗುವ ದಾಂಡಿಗರ ಸಂದಿಯಲ್ಲಿ ನುಗ್ಗುವವನು ರನ್ನಿಂಗ್ ಬ್ಯಾಕ್. ಈ ಓಟಗಾರರನ್ನು ತಿದ್ದಲೆಂದೇ ಪ್ರತಿ ತಂಡದಲ್ಲೂ ಒಬ್ಬ ಕೋಚ್ ಇರುತ್ತಾರೆ. ಕ್ರಿಕೆಟ್ ತಂಡದ ಫೀಲ್ಡಿಂಗ್ ಕೋಚ್‌ನಂತೆ ಇವರ ಹೆಸರೂ ಗೆದ್ದಾಗ ಕೇಳಿಬರುವುದಿಲ್ಲ. ಓಟಗಾರ ಚೆಂಡು ಕೈಬಿಟ್ಟ ದಿನ ಮಾತ್ರ ಕ್ಯಾಮೆರಾ ಇವರ ಮುಖಕ್ಕೆ ತಿರುಗುತ್ತದೆ.

ಮೊದಮೊದಲು ಹೀಗೊಂದು ಪ್ರತ್ಯೇಕ ಹುದ್ದೆಯೇ ಇರಲಿಲ್ಲ. ಹೆಡ್ ಕೋಚ್, ಜೊತೆಗೆ ಬೆರಳೆಣಿಕೆಯ ಸಹಾಯಕರು, ಅಷ್ಟೇ. 1946ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ಕಟ್ಟಿದ ಪಾಲ್ ಬ್ರೌನ್ ಸಹಾಯಕರನ್ನು ವರ್ಷವಿಡೀ ಸಂಬಳಕ್ಕೆ ಇಟ್ಟುಕೊಂಡರು. ಆಟಗಾರರನ್ನು ತರಗತಿಯಲ್ಲಿ ಕೂರಿಸಿ ನೋಟ್ಸ್ ಬರೆಸಿದರು, ಪಂದ್ಯದ ಫಿಲ್ಮ್ ತೋರಿಸಿದರು, ಪರೀಕ್ಷೆಯನ್ನೂ ಇಟ್ಟರು. 1950ರಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದೆಂಬ ನಿಯಮ ಕಾಯಂ ಆದಮೇಲೆ ಒಬ್ಬೊಬ್ಬನಿಗೆ ಒಂದೊಂದೇ ಕೆಲಸ ಎಂದಾಯಿತು. ಕೆಲಸ ಒಡೆದಂತೆ ಕೋಚ್‌ಗಳೂ ಬೇರೆ ಬೇರೆಯಾದರು.

ಈ ಹುದ್ದೆಯ ಹಳೆಯ ಮಾದರಿಯನ್ನು ನೋಡಬೇಕೆಂದರೆ ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಡಿಕ್ ಹೋಕ್ ಅವರನ್ನು ನೋಡಬೇಕು. ಅದೇ ತಂಡಕ್ಕೆ 1961ರಿಂದ 1970ರವರೆಗೆ ಓಟಗಾರನಾಗಿ ಆಡಿ, ಒಂದು ವರ್ಷ ಶಾಲಾ ತಂಡಕ್ಕೆ ಕಲಿಸಿ, 1972ರಲ್ಲಿ ಕೋಚ್ ಆಗಿ ಮರಳಿದರು. ಆಮೇಲೆ 35 ಸೀಸನ್ ಜಾಗ ಬಿಟ್ಟು ಕದಲಲಿಲ್ಲ. ಅವರು ಬಂದ ವರ್ಷವೇ ಫ್ರಾಂಕೊ ಹ್ಯಾರಿಸ್ ತಂಡ ಸೇರಿದ್ದರು. ವಿಯೆಟ್ನಾಂ ಯುದ್ಧದಲ್ಲಿ ತೊಡೆಗೆ ಗುಂಡು, ಪಾದಕ್ಕೆ ಗ್ರೆನೇಡಿನ ಚೂರು ತಗುಲಿಸಿಕೊಂಡು ಬಂದಿದ್ದ ರಾಕಿ ಬ್ಲಯರ್ ಕೂಡ ಹೋಕ್ ಅವರ ಕೈಕೆಳಗೇ ಪಳಗಿದರು. 14 ಪಂದ್ಯಗಳ 1976ರ ಸೀಸನ್‌ನಲ್ಲಿ ಈ ಇಬ್ಬರೂ ತಲಾ ಸಾವಿರ ಗಜ ದಾಟಿದರು. ಮುಂದೆ ಜೆರೋಮ್ ಬೆಟಿಸ್‌ವರೆಗೂ ಕಲಿಸಿ, ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆಲುವಿನ ಐದು ಉಂಗುರ ಗಳಿಸಿ, 2007ರ ಜನವರಿಯಲ್ಲಿ ಹೋಕ್ ನಿವೃತ್ತರಾದರು. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಇಂದು ಹೆಡ್ ಕೋಚ್ ಬದಲಾದರೆ ಸಹಾಯಕರ ಪರಿವಾರವೇ ಗಂಟುಮೂಟೆ ಕಟ್ಟುತ್ತದೆ. ಹೋಕ್‌ರಂಥ ವೃತ್ತಿಜೀವನ ಇನ್ನೊಮ್ಮೆ ಕಾಣಸಿಗುವುದು ಕಷ್ಟ.

ಅಷ್ಟರಲ್ಲಿ ಆಟವೇ ಬದಲಾಗಿತ್ತು. 1978ರ ನಿಯಮಗಳು ಎಸೆತದ ಆಟಕ್ಕೆ ಅನುಕೂಲ ಮಾಡಿಕೊಟ್ಟವು. ಓಟಗಾರ ಇನ್ನು ಬರೀ ಓಡಿದರೆ ಸಾಲದು. ಎಸೆದ ಚೆಂಡನ್ನೂ ಹಿಡಿಯಬೇಕು, ಕ್ವಾರ್ಟರ್‌ಬ್ಯಾಕ್ ಮೇಲೆ ಏರಿಬರುವವನನ್ನು ಗುರುತಿಸಿ ಅಡ್ಡ ನಿಲ್ಲಬೇಕು. 1985ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ರೋಜರ್ ಕ್ರೇಗ್ ಒಂದೇ ಸೀಸನ್‌ನಲ್ಲಿ ಓಡಿ ಸಾವಿರ, ಹಿಡಿದು ಸಾವಿರ ಗಜ ಮಾಡಿದ ಮೊದಲಿಗರಾದರು. ಆಗ ಅಲ್ಲಿ ಓಟಗಾರರ ಕೋಚ್ ಆಗಿದ್ದವರು ಶರ್ಮನ್ ಲೂಯಿಸ್. ಮೂರನೆಯ ಕೆಲಸವಾದ ಅಡ್ಡ ನಿಲ್ಲುವುದು ಟಿವಿಯಲ್ಲಿ ಕಾಣುವುದೇ ಇಲ್ಲ. ಆದರೆ ಹೊಸ ಹುಡುಗನೊಬ್ಬ ಬೆಂಚಿನಲ್ಲಿ ಉಳಿಯುವುದು ಹೆಚ್ಚಾಗಿ ಅದು ಬಾರದ ಕಾರಣಕ್ಕೇ.

ಚೆಂಡನ್ನು ಭದ್ರವಾಗಿ ಹಿಡಿಯುವುದನ್ನೂ ಕಲಿಸಬೇಕು. ಬೆರಳು, ಅಂಗೈ, ಮುಂಗೈ, ತೋಳು, ಎದೆ ಹೀಗೆ ಐದು ಕಡೆಯಿಂದ ಚೆಂಡು ಒತ್ತಿರಬೇಕೆಂಬುದು ಈ ಮೇಷ್ಟ್ರುಗಳ ಮೊದಲ ಪಾಠ. ನ್ಯೂಯಾರ್ಕ್ ಜೈಂಟ್ಸ್‌ನ ಟಿಕಿ ಬಾರ್ಬರ್ 2003ರಲ್ಲಿ ಒಂಬತ್ತು ಸಲ ಚೆಂಡು ಕೈಬಿಟ್ಟಿದ್ದರು. ಮರುವರ್ಷ ಬಂದ ಕೋಚ್ ಜೆರಾಲ್ಡ್ ಇಂಗ್ರಾಮ್ ಚೆಂಡನ್ನು ಎದೆಯ ಮೇಲ್ಭಾಗಕ್ಕೆ ಅವುಚಿ ಹಿಡಿಯುವುದನ್ನು ರೂಢಿ ಮಾಡಿಸಿದರು. 2005ರಲ್ಲಿ ಬಾರ್ಬರ್ 1,860 ಗಜ ಓಡಿ ಕೈಬಿಟ್ಟದ್ದು ಒಂದೇ ಸಲ. ಅರ್ನೆಸ್ಟ್ ಬೈನರ್ ಕಥೆ ಇನ್ನೂ ವಿಚಿತ್ರ. 1988ರ ಜನವರಿಯಲ್ಲಿ ಕ್ಲೀವ್‌ಲ್ಯಾಂಡನ್ನು ಸೂಪರ್ ಬೌಲ್ ಬಾಗಿಲಿನವರೆಗೆ ತಂದು, ಗೆರೆ ಇನ್ನೇನು ಮುಟ್ಟಬೇಕು ಎನ್ನುವಾಗ ಚೆಂಡು ಕಳೆದುಕೊಂಡವರು ಅವರು. ಅವರೇ ಮುಂದೆ ಕೋಚ್ ಆದರು. 2009ರಲ್ಲಿ ಟೆನೆಸಿಯ ಕ್ರಿಸ್ ಜಾನ್ಸನ್ 2,006 ಗಜ ಓಡಿದಾಗ ಅಲ್ಲಿ ಪಾಠ ಹೇಳುತ್ತಿದ್ದವರು ಬೈನರ್.

ಈ ಕ್ಷೇತ್ರದ ದೊಡ್ಡ ತಿರುವು ಬಾಬಿ ಟರ್ನರ್. 1995ರಲ್ಲಿ ಅವರು ಡೆನ್ವರ್ ತಂಡಕ್ಕೆ ಓಟಗಾರರ ಕೋಚ್ ಆಗಿ ಬಂದರು. ಅದೇ ವರ್ಷ ಹೊಸ ಆಟಗಾರರ ಆಯ್ಕೆಯಲ್ಲಿ 196ನೆಯವನಾಗಿ ಟೆರೆಲ್ ಡೇವಿಸ್ ಬಂದರು. 1998ರಲ್ಲಿ ಡೇವಿಸ್ ಓಡಿದ್ದು 2,008 ಗಜ. ಮರುವರ್ಷ ಅವರು ಮಂಡಿಗೆ ತೀವ್ರ ಗಾಯ ಮಾಡಿಕೊಂಡಾಗ ಆಯ್ಕೆಯ ನಾಲ್ಕನೇ ಸುತ್ತಿನಲ್ಲಿ ಬಂದಿದ್ದ ಒಲಾಂಡಿಸ್ ಗ್ಯಾರಿ 1,159 ಗಜ ಓಡಿದರು. ಅದರ ಮರುವರ್ಷ ಮರೀನ್ ಪಡೆಯಿಂದ ಬಂದಿದ್ದ, ಆರನೇ ಸುತ್ತಿನ ಮೈಕ್ ಆಂಡರ್ಸನ್ 1,487 ಗಜ. ಟರ್ನರ್ 2012ರಲ್ಲಿ ವಾಷಿಂಗ್ಟನ್‌ನಲ್ಲಿದ್ದಾಗ ಮತ್ತೊಬ್ಬ ಆರನೇ ಸುತ್ತಿನ ಹುಡುಗ ಆಲ್ಫ್ರೆಡ್ ಮಾರಿಸ್ 1,613 ಗಜ. ಆರು ತಂಡಗಳು ಕೈಬಿಟ್ಟಿದ್ದ ರಹೀಮ್ ಮೋಸ್ಟರ್ಟ್ 2020ರ ಜನವರಿಯಲ್ಲಿ, ಸೂಪರ್ ಬೌಲ್‌ಗೆ ಹೋಗಲು ಗೆಲ್ಲಲೇಬೇಕಿದ್ದ ಪಂದ್ಯದಲ್ಲಿ, ಟರ್ನರ್ ಆಗ ಕಲಿಸುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋ ಪರ ಒಬ್ಬರೇ 220 ಗಜ ಓಡಿದರು. ಶ್ರೇಯಸ್ಸೆಲ್ಲ ಟರ್ನರ್ ಅವರದ್ದೇ ಅಲ್ಲ. ಡೆನ್ವರ್‌ನಲ್ಲಿ ದಾರಿ ಬಿಡಿಸುವವರಿಗೆ ಕಲಿಸಿದ ಅಲೆಕ್ಸ್ ಗಿಬ್ಸ್, ಇಡೀ ವ್ಯವಸ್ಥೆ ರೂಪಿಸಿದ ಮೈಕ್ ಶಾನಹನ್ ಇಲ್ಲದೆ ಇದು ಆಗುತ್ತಿರಲಿಲ್ಲ. ಆದರೆ ಆ ವ್ಯವಸ್ಥೆಗೆ ಬೇಕಿದ್ದುದು ಕಾದು ನೋಡಿ, ಒಮ್ಮೆ ಮಾತ್ರ ಹೊರಳಿ, ಮತ್ತೆ ಹಿಂದುಮುಂದು ನೋಡದೆ ನುಗ್ಗುವ ಓಟಗಾರ. ಅಂಥವನನ್ನು ಪಟ್ಟಿಯ ಕೊನೆಯಲ್ಲಿ ಹುಡುಕಿ ತೆಗೆಯುವ ಕಣ್ಣು ಟರ್ನರ್ ಅವರದ್ದು.

ಇದರ ಇನ್ನೊಂದು ಮುಖವೂ ಇದೆ. ಆರನೇ ಸುತ್ತಿನವನೇ ಸಾವಿರ ಗಜ ಓಡುವುದಾದರೆ ಮೊದಲ ಸುತ್ತಿನವನಿಗೆ ಕೋಟಿಗಟ್ಟಲೆ ಏಕೆ ಕೊಡಬೇಕೆಂದು ಮಾಲೀಕರು ಲೆಕ್ಕ ಹಾಕಿದರು. ಒಳ್ಳೆಯ ಮೇಷ್ಟ್ರ ಯಶಸ್ಸೇ ಶಿಷ್ಯರ ಬೆಲೆ ಇಳಿಸಲು ನೆಪವಾಯಿತು ಎಂದೇ ನನ್ನ ಎಣಿಕೆ. 2023ರಲ್ಲಿ ಸಾಕ್ವಾನ್ ಬಾರ್ಕ್ಲಿ, ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಓಡಿದ್ದ ಜಾಶ್ ಜೇಕಬ್ಸ್ ಅಂಥವರಿಗೂ ದೀರ್ಘ ಒಪ್ಪಂದ ದಕ್ಕಲಿಲ್ಲ. ಮರುವರ್ಷ ಬಾರ್ಕ್ಲಿ ಫಿಲಡೆಲ್ಫಿಯಾಕ್ಕೆ ಹೋಗಿ 2,005 ಗಜ ಓಡಿ, ಸೂಪರ್ ಬೌಲ್ ಗೆದ್ದು ಉತ್ತರ ಕೊಟ್ಟರು.

ಶಿಷ್ಯರ ಬೆಲೆಯದ್ದು ಒಂದು ಕಥೆಯಾದರೆ ಮೇಷ್ಟ್ರುಗಳ ಬಡ್ತಿಯದ್ದು ಇನ್ನೊಂದು. ಈ ಹುದ್ದೆಯಲ್ಲಿ ಕಪ್ಪು ಜನಾಂಗದ ಕೋಚ್‌ಗಳೇ ಹೆಚ್ಚು. ಆದರೆ ಹೆಡ್ ಕೋಚ್ ಆಯ್ಕೆಯಾಗುವುದು ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್‌ಗಳಿಗೆ ಕಲಿಸಿದವರ ಸಾಲಿನಿಂದ. ಅಲ್ಪಸಂಖ್ಯಾತ ಅಭ್ಯರ್ಥಿಯನ್ನು ಸಂದರ್ಶಿಸಲೇಬೇಕೆಂಬ ರೂನಿ ನಿಯಮ 2003ರಲ್ಲಿ ಬಂದರೂ ಏಣಿಯ ಮೇಲಿನ ಮೆಟ್ಟಿಲು ದೂರವೇ ಉಳಿಯಿತು. ಶರ್ಮನ್ ಲೂಯಿಸ್ ಎನ್‌ಎಫ್‌ಎಲ್‌ನಲ್ಲಿ ಹೆಡ್ ಕೋಚ್ ಆಗಲೇ ಇಲ್ಲ. ಏಡ್ರಿಯನ್ ಪೀಟರ್ಸನ್ 2007ರಲ್ಲಿ ಒಂದೇ ಪಂದ್ಯದಲ್ಲಿ 296 ಗಜ ಓಡಿದಾಗ ಕೋಚ್ ಆಗಿದ್ದ ಎರಿಕ್ ಬಿಯೆನಿಮಿ ಆಮೇಲೆ ಕ್ಯಾನ್ಸಸ್ ಸಿಟಿಯ ದಾಳಿಯ ಉಸ್ತುವಾರಿ ಹೊತ್ತು ಎರಡು ಸೂಪರ್ ಬೌಲ್ ಗೆದ್ದರು. ತಂಡಗಳು ಸಾಲುಸಾಲಾಗಿ ಸಂದರ್ಶನಕ್ಕೆ ಕರೆದವು, ಕೆಲಸ ಕೊಡಲಿಲ್ಲ. ಕೆಳಗಿನ ಮೆಟ್ಟಿಲಲ್ಲಿ ಮಾತ್ರ ಬಾಗಿಲು ಸ್ವಲ್ಪ ತೆರೆದಿದೆ: 2021ರಲ್ಲಿ ವಾಷಿಂಗ್ಟನ್ ತಂಡ ಜೆನಿಫರ್ ಕಿಂಗ್ ಅವರನ್ನು ಓಟಗಾರರ ಸಹಾಯಕ ಕೋಚ್ ಆಗಿ ನೇಮಿಸಿತು. ಎನ್‌ಎಫ್‌ಎಲ್‌ನಲ್ಲಿ ಪೂರ್ಣಾವಧಿ ಸಹಾಯಕ ಕೋಚ್ ಆದ ಮೊದಲ ಕಪ್ಪು ಮಹಿಳೆ ಅವರು.

ಈ ವೃತ್ತಿಯಲ್ಲಿ ಗುರುಪರಂಪರೆ ಎಷ್ಟು ಗಟ್ಟಿಯೆಂದರೆ, ಒಮ್ಮೆ ಅದು ರಕ್ತಸಂಬಂಧವೇ ಆಗಿಬಿಟ್ಟಿತು. ದತ್ತು ಮಗನಾಗಿ ಓಹಾಯೋದಲ್ಲಿ ಬೆಳೆದ ಡಿಲ್ಯಾಂಡ್ ಮೆಕಲೋ ಅವರನ್ನು ಕಾಲೇಜು ತಂಡಕ್ಕೆ ಸೇರಿಸಿಕೊಂಡವರು ಶರ್ಮನ್ ಸ್ಮಿತ್. ಸಿಯಾಟಲ್ ತಂಡದ ಆರಂಭದ ಕಾಲದ ಓಟಗಾರರಾಗಿದ್ದ ಸ್ಮಿತ್ ಮುಂದೆ ಅಲ್ಲೇ ಓಟಗಾರರ ಕೋಚ್ ಆದರು. ಮೆಕಲೋ ಕೂಡ ಅದೇ ವೃತ್ತಿ ಹಿಡಿದು, ಒಂದು ಬೇಸಿಗೆ ಸ್ಮಿತ್ ಬಳಿಯೇ ಕೆಲಸ ಕಲಿತರು. 2017ರಲ್ಲಿ ಮೆಕಲೋ ಹುಟ್ಟಿದ್ದ ಪೆನ್ಸಿಲ್ವೇನಿಯಾ ರಾಜ್ಯ ದತ್ತು ಮಕ್ಕಳಿಗೆ ಮೂಲ ಜನನ ದಾಖಲೆ ಕೊಡಲು ಶುರುಮಾಡಿದಾಗ ಗೊತ್ತಾಯಿತು: ಸ್ಮಿತ್ ಅವರೇ ಹೆತ್ತ ತಂದೆ. ಇಬ್ಬರಿಗೂ ಅದುವರೆಗೆ ಸುಳಿವೇ ಇರಲಿಲ್ಲ.

ಓಟಗಾರರ ಕೋಚ್ ಹುದ್ದೆಯಿಂದ ಮೇಲೇರಿದ ಅಪರೂಪದವರಲ್ಲಿ ಒಬ್ಬರು ಆಂಥನಿ ಲಿನ್. ಡೆನ್ವರ್‌ನಲ್ಲಿ ಟರ್ನರ್ ಶಿಷ್ಯನಾಗಿ ಆಡಿದವರು. 2022ರಲ್ಲಿ ಶಸ್ತ್ರಚಿಕಿತ್ಸೆಗಾಗಿ ಟರ್ನರ್ ರಜೆ ಹಾಕಿದಾಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರ ಜಾಗ ತುಂಬಿದವರೂ ಹೌದು. ನಡುವೆ 2017ರಿಂದ ನಾಲ್ಕು ಸೀಸನ್ ಚಾರ್ಜರ್ಸ್ ತಂಡಕ್ಕೆ ಹೆಡ್ ಕೋಚ್ ಆಗಿದ್ದರು. 2018ರಲ್ಲಿ ಆ ತಂಡ 16 ಪಂದ್ಯಗಳಲ್ಲಿ 12 ಗೆದ್ದಿತು. ಓಟಗಾರರ ಮೇಷ್ಟ್ರಿಗೆ ಇಡೀ ತಂಡ ನಡೆಸುವುದು ಬಾರದು ಎನ್ನುವ ಮಾಲೀಕರು ಆ ವರ್ಷದ ಅಂಕಪಟ್ಟಿಯನ್ನೊಮ್ಮೆ ನೋಡಲಿ.