ಅಗ್ಗಿಷ್ಟಿಕೆಯ ಬಾಯಿ

ದಿಲ್ಲಿಗೆ ಬಂದ ಮೊದಲ ಚಳಿಗಾಲದಲ್ಲೇ ನಾವೆಲ್ಲ ಕಲಿಯುವ ಹಿಂದಿ ಮಾತುಗಳಲ್ಲಿ 'ಅಂಗೀಠಿ' ಒಂದು. ಅದೂ ನಮ್ಮ 'ಅಗ್ಗಿಷ್ಟಿಕೆ'ಯೂ ಒಂದೇ ತಾಯಿಯ ಮಕ್ಕಳು. ಎರಡೂ ಸಂಸ್ಕೃತದ 'ಅಗ್ನಿಷ್ಠಿಕಾ' ಎಂಬುದರಿಂದ ಬಂದವು. ಆದರೆ ಇಂಗ್ಲಿಷ್ ಕತೆಗಳನ್ನು ಕನ್ನಡಕ್ಕೆ ತರುವವರು ಅಗ್ಗಿಷ್ಟಿಕೆ ಎಂದು ಕರೆಯುವುದು ಗೋಡೆಯೊಳಗೆ ಕಟ್ಟಿದ ಬೆಂಕಿಗೂಡನ್ನು. ಅದಕ್ಕೊಂದು ಬಾಯಿ, ಮೇಲೆ ಹೊಗೆ ಹೋಗಲೊಂದು ದಾರಿ. ಅಂಗೀಠಿಗೆ ಇಲ್ಲದಿರುವುದು ಆ ದಾರಿಯೇ. ಕಿಟಕಿ ಮುಚ್ಚಿ ಅಂಗೀಠಿ ಇಟ್ಟುಕೊಂಡು ಮಲಗಿದವರು ಬೆಳಗಾದಾಗ ಏಳಲಿಲ್ಲವೆಂಬ ಸುದ್ದಿಯನ್ನು ನಾವು ಇಲ್ಲಿಯ ಪತ್ರಿಕೆಗಳಲ್ಲಿ ಚಳಿಗಾಲ ಬಂದಾಗಲೆಲ್ಲ ಓದುತ್ತೇವೆ. ಕಲ್ಲಿದ್ದಲಿಗಾಗಿ ಕಟ್ಟಿದ ಬಾಯಿಯನ್ನು ಗ್ಯಾಸಿಗಾಗಿ ಅಣಿಗೊಳಿಸಲು ಇಂಗ್ಲೆಂಡಿನವರು ಪಟ್ಟ ಪಾಡು ಆದ್ದರಿಂದ ನಮಗೂ ತೀರ ಹೊರಗಿನದಲ್ಲ.

ಆ ದೇಶದಲ್ಲಿ ಅಗ್ಗಿಷ್ಟಿಕೆಗೆ ಸರಕಾರದ ದೃಷ್ಟಿ ತಗಲಿದ್ದು 1662ರಲ್ಲಿ. ಒಂದೊಂದು ಬೆಂಕಿಗೂಡಿಗೂ ವರ್ಷಕ್ಕೆ ಎರಡು ಷಿಲಿಂಗ್ ತೆರಿಗೆ! ಅಧಿಕಾರಿ ಮನೆಯೊಳಗೇ ಹೊಕ್ಕು ಗೂಡುಗಳನ್ನು ಎಣಿಸುತ್ತಿದ್ದ. ಜನ ಇಟ್ಟಿಗೆಯಿಟ್ಟು ಬಾಯಿ ಮುಚ್ಚಿ ತಪ್ಪಿಸಿಕೊಳ್ಳಲು ನೋಡಿದರು. 1689ರಲ್ಲಿ ಆ ತೆರಿಗೆ ಹೋಯಿತು. ಬಾಯಿಯ ಅಳತೆಯನ್ನು ಶಾಸ್ತ್ರೀಯವಾಗಿ ಯೋಚಿಸಿದವನು ರಮ್‌ಫರ್ಡ್ ಕೌಂಟ್. ಗೂಡು ದೊಡ್ಡದಾದಷ್ಟೂ ಕೋಣೆಯ ಬಿಸಿಗಾಳಿ ಚಿಮಣಿ ಹತ್ತಿ ಹೋಗುತ್ತದೆಂದು ಕಂಡು, 1790ರ ದಶಕದಲ್ಲಿ ಆತ ಬಾಯಿಯನ್ನು ಕಿರಿದು ಮಾಡಿಸಿದ, ಅಕ್ಕಪಕ್ಕದ ಗೋಡೆಗಳನ್ನು ಓರೆಯಾಗಿಸಿದ, ಗಂಟಲನ್ನು ಸುಮಾರು ನಾಲ್ಕು ಅಂಗುಲಕ್ಕೆ ಇಳಿಸಿದ. ಹೊಗೆ ಕಡಿಮೆಯಾಯಿತು, ಶಾಖ ಹೆಚ್ಚಿತು.

ಆದರೆ ಮಸಿ? ಚಿಮಣಿಯ ಒಳಗೆ ಮಸಿ ಕಟ್ಟಿದರೆ ಅದೇ ಹೊತ್ತಿ ಉರಿಯುತ್ತದೆ. ಅದನ್ನು ಕೆರೆಯಲು ಕಳಿಸುತ್ತಿದ್ದುದು ಪುಟ್ಟ ಹುಡುಗರನ್ನು. ಸಾಮಾನ್ಯ ಹೊಗೆದಾರಿ ಒಂಬತ್ತು ಅಂಗುಲಕ್ಕೆ ಹದಿನಾಲ್ಕು ಅಂಗುಲ. ಓದುಗರು ಕೈಯಲ್ಲಿ ಅಳೆದು ನೋಡಬೇಕು. ಎಂಟು ವರ್ಷಕ್ಕಿಂತ ಚಿಕ್ಕವರನ್ನು ಇಟ್ಟುಕೊಳ್ಳಬಾರದೆಂದು 1788ರಲ್ಲಿ ಕಾಯಿದೆ ಆಯಿತು. 1840ರಲ್ಲಿ ಇಪ್ಪತ್ತೊಂದು ತುಂಬದವರನ್ನು ಹತ್ತಿಸಲೇ ಬಾರದೆಂದು ಇನ್ನೊಂದು. ಎರಡೂ ಕಾಗದದ ಮೇಲೆಯೇ ಉಳಿದವು. ಕಡತಗಳ ನಡುವೆ ಬದುಕುವ ನಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. 1875ರಲ್ಲಿ ಕೇಂಬ್ರಿಜ್ ಬಳಿಯ ಫುಲ್ಬರ್ನ್ ಆಸ್ಪತ್ರೆಯ ಚಿಮಣಿಯಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಬಾಲಕ ಸಿಕ್ಕಿಕೊಂಡು ಸತ್ತ ಮೇಲೆ, ಷಾಫ್ಟ್ಸ್‌ಬರಿ ಪ್ರಭುವಿನ ಪ್ರಯತ್ನದಿಂದ, ಆ ವರ್ಷವೇ ಬಂದ ಕಾಯಿದೆಯಿಂದ ಈ ಪದ್ಧತಿ ನಿಂತಿತು.

ಅಷ್ಟರಲ್ಲಿ ಗ್ಯಾಸು ಊರು ಹೊಕ್ಕಿತ್ತು. ಲಂಡನ್ನಿನಲ್ಲಿ 1812ರಲ್ಲೇ ಗ್ಯಾಸ್ ಕಂಪನಿ ಹುಟ್ಟಿತು. ಮೊದಲು ದೀಪಕ್ಕೆ, ಬಹಳ ಕಾಲದ ನಂತರ ಬೆಂಕಿಗೆ. ನಾವು ಕಾಲೇಜಿನ ಪ್ರಯೋಗಶಾಲೆಯಲ್ಲಿ ಹಚ್ಚಿದ ಬುನ್ಸೆನ್ ಬರ್ನರ್ 1855ರ ಸುಮಾರಿನದು. ಉರಿಯುವ ಮೊದಲೇ ಗ್ಯಾಸಿಗೆ ಗಾಳಿ ಬೆರೆಸುವ ಆ ಉಪಾಯದಿಂದಲೇ ಕೆಂಪಗೆ ಕಾಯುವ ಗ್ಯಾಸ್ ಅಗ್ಗಿಷ್ಟಿಕೆ ಸಾಧ್ಯವಾಯಿತು. ಆದರೂ ಇಂಗ್ಲಿಷ್ ಮನೆತನ ಕಲ್ಲಿದ್ದಲನ್ನು ಬಿಡಲೊಲ್ಲದು. ಬಿಡಿಸಿದ್ದು 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನನ್ನು ಕವಿದ ಹೊಗೆಮಂಜು. ಸತ್ತವರು ನಾಲ್ಕು ಸಾವಿರವೆಂದು ಆಗ ಎಣಿಸಿದರು. ಹನ್ನೆರಡು ಸಾವಿರದವರೆಗೆ ಇದ್ದೀತೆಂದು ಮುಂದಿನ ಸಂಶೋಧಕರು ಹೇಳಿದರು. 1956ರ ಶುದ್ಧ ಗಾಳಿ ಕಾಯಿದೆ ಹೊಗೆ ನಿಷಿದ್ಧ ಪ್ರದೇಶಗಳನ್ನು ತಂದಿತು. ನಮಗೆ ಮೆಚ್ಚಿಗೆಯಾದ ಅಂಶ ಬೇರೊಂದು. ಅಂಥ ಪ್ರದೇಶದಲ್ಲಿ ಬೆಂಕಿಗೂಡು ಬದಲಾಯಿಸುವ ಖರ್ಚಿನಲ್ಲಿ ಹತ್ತರಲ್ಲಿ ಏಳು ಪಾಲನ್ನು ನಗರಸಭೆ ಕೊಡಬೇಕು. ಅದರಲ್ಲಿ ನಾಲ್ಕು ಪಾಲು ಸರಕಾರದ ಬೊಕ್ಕಸದ್ದು. ಬರಿಯ ನಿಷೇಧವಲ್ಲ, ಹಣವೂ ಬಂತು. ಹಾಗಾಗಿ ಈ ಕಾಯಿದೆ ಕಾಗದದಲ್ಲಿ ಉಳಿಯಲಿಲ್ಲ.

1967ರಿಂದ 1977ರವರೆಗೆ, ಕಲ್ಲಿದ್ದಲಿನಿಂದ ತೆಗೆದ ಗ್ಯಾಸಿನ ಬದಲು ಉತ್ತರ ಸಮುದ್ರದ ನೈಸರ್ಗಿಕ ಗ್ಯಾಸಿಗೆ ದೇಶವೇ ಬದಲಾಯಿತು. ಹಳೆಯ ಗ್ಯಾಸಿನಲ್ಲಿ ಇಂಗಾಲದ ಮಾನಾಕ್ಸೈಡ್ ಇದ್ದೇ ಇತ್ತು, ಸೋರಿದರೂ ವಿಷ. ಹೊಸದರಲ್ಲಿ ಅದಿಲ್ಲ. ಆದರೆ ಗಾಳಿ ಸಾಲದೆ ಉರಿದರೆ ಹೊಸದೂ ಅದೇ ವಿಷವನ್ನು ಹುಟ್ಟಿಸುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೆತ್ತರಿನ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ನಮ್ಮ ಫ್ಲ್ಯಾಟುಗಳ ಕಿರಿದಾದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಚ್ಚಿ ಬಾಗಿಲು ಭದ್ರಪಡಿಸಿಕೊಂಡವರನ್ನು ಕೊಲ್ಲುವುದೂ ಇದೇ.

ಆದ್ದರಿಂದಲೇ ಹಳೆಯ ಕಲ್ಲಿದ್ದಲಿನ ಗೂಡಿನಲ್ಲಿ ಗ್ಯಾಸ್ ಅಗ್ಗಿಷ್ಟಿಕೆ ಕೂರಿಸುವ ಮೊದಲು ಅಲ್ಲಿ ಇಷ್ಟೊಂದು ಸಿದ್ಧತೆ. ಚಿಮಣಿಯನ್ನು ಪೂರ್ತಿ ಗುಡಿಸುತ್ತಾರೆ. ಮೇಲಿನ ಕೊಳವೆಯಲ್ಲಿ ಜಾಕ್‌ಡಾ ಎಂಬ ಕಾಗೆ ಜಾತಿಯ ಹಕ್ಕಿ ಕಡ್ಡಿ ತುಂಬಿ ಗೂಡು ಕಟ್ಟಿರುವುದುಂಟು. ಅದನ್ನು ತೆಗೆದು ಜಾಲರಿ ಹಾಕುತ್ತಾರೆ. ಕಲ್ಲಿದ್ದಲಿನ ಸರಳುಗಳನ್ನು ಕಿತ್ತು, ಹೊಗೆ ತಡೆಯುವ ತಗಡಿದ್ದರೆ ಅದನ್ನೂ ತೆಗೆಯುತ್ತಾರೆ. ಚಿಮಣಿಯ ಒಳಮೈ ಶಿಥಿಲವಾಗಿದ್ದರೆ ತುಕ್ಕು ಹಿಡಿಯದ ಉಕ್ಕಿನ ಕೊಳವೆ ಇಳಿಬಿಡುತ್ತಾರೆ. ಆಮೇಲೆ ಗೂಡಿನ ಬಾಯಿಗೆ ಒಂದು ಲೋಹದ ತಗಡನ್ನು ಸುತ್ತಲೂ ಶಾಖ ತಡೆಯುವ ಪಟ್ಟಿಯಿಂದ ಅಂಟಿಸುತ್ತಾರೆ. ಹಿಂದೆ ಇಂಥ ಕೆಲಸಕ್ಕೆ ಕಲ್ನಾರಿನ ಹಲಗೆ ಬಳಸುತ್ತಿದ್ದರು. ಕಲ್ನಾರು 1999ರಲ್ಲಿ ಅಲ್ಲಿ ನಿಷಿದ್ಧವಾಯಿತು. ತಗಡಿನಲ್ಲಿ ಎರಡು ಕಂಡಿ. ಮೇಲಿನದು ಸುಟ್ಟ ಗಾಳಿ ಚಿಮಣಿಗೆ ಹೋಗಲು. ಕೆಳಗಿನದು ಚಿಮಣಿಯ ಸೆಳೆತ ಹೆಚ್ಚಾದಾಗ ಕೋಣೆಯ ಗಾಳಿಯನ್ನು ಬಿಡಲು. ಚಂದ ಕಾಣುವುದಿಲ್ಲವೆಂದು ಕೆಳಗಿನ ಕಂಡಿಯನ್ನು ಮುಚ್ಚಿಬಿಡುವ ಜಾಣರು ಎಲ್ಲ ದೇಶದಲ್ಲೂ ಇದ್ದಾರೆ. ಕಲ್ಲಿದ್ದಲು ಉರಿದ ಹಳೆಯ ಚಿಮಣಿಯಾದರೆ, ತಗಡಿನ ಹಿಂದೆ ಹೊಗೆಕಂಡಿಯ ಕೆಳಗೆ 250 ಮಿಲಿಮೀಟರ್ ಖಾಲಿ ಜಾಗ ಬಿಡುವುದು ನಿಯಮ. ಮುಂದೆ ಬಿದ್ದ ಗಾರೆ, ಮಸಿ ಅಲ್ಲಿ ಸೇರಬೇಕು, ಕಂಡಿಯನ್ನು ಮುಚ್ಚಬಾರದು.

ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಕಟ್ಟಡದ ಒಂದು ಮೂಲೆ 1968ರ ಮೇ 16ರಂದು ಗ್ಯಾಸ್ ಸ್ಫೋಟದಿಂದ ಕುಸಿದ ಮೇಲೆ, ಗ್ಯಾಸ್ ಕೆಲಸಗಾರರ ನೋಂದಣಿ 1970ರಲ್ಲಿ ಶುರುವಾಯಿತು. 2009ರಿಂದ ಅದರ ಸ್ಥಾನದಲ್ಲಿ 'ಗ್ಯಾಸ್ ಸೇಫ್' ಪಟ್ಟಿ ಇದೆ. ಗುಡಿಸುವುದು, ಗಾರೆ ಬಳಿಯುವುದು ಯಾರಾದರೂ ಮಾಡಬಹುದು. ಗ್ಯಾಸ್ ಕೊಳವೆಯನ್ನು ಮುಟ್ಟುವವನ ಹೆಸರು ಮಾತ್ರ ಪಟ್ಟಿಯಲ್ಲಿರಬೇಕು.

ಅವನ ಕೊನೆಯ ಪರೀಕ್ಷೆ ತೀರ ಸರಳ. ಕೋಣೆಯ ಕಿಟಕಿ ಬಾಗಿಲು ಮುಚ್ಚಿ, ಬೆಂಕಿ ಹಚ್ಚಿ, ಕೆಲವು ನಿಮಿಷ ಕಾಯುತ್ತಾನೆ. ಬಳಿಕ ಅಗ್ಗಿಷ್ಟಿಕೆಯ ಮೇಲಂಚಿನ ಹತ್ತಿರ ಹೊಗೆಯಾಡುವ ಕಡ್ಡಿಯೊಂದನ್ನು ಹಿಡಿಯುತ್ತಾನೆ. ಹೊಗೆ ಒಳಕ್ಕೆ ಎಳೆದುಕೊಂಡು ಹೋದರೆ ಸರಿ. ಕೋಣೆಯತ್ತ ಹೊರಳಿತೋ, ಗ್ಯಾಸು ನಿಲ್ಲಿಸಿ, ಕಾರಣ ಸಿಗುವತನಕ ಹಚ್ಚಕೂಡದೆಂದು ಚೀಟಿ ಅಂಟಿಸುತ್ತಾನೆ.